ಬೊಟಾಕ್ಸ್ ಮತ್ತು ಫಿಲ್ಲರ್ ಒಟ್ಟಿಗೆ: ಗೊಂದಲ ಎಲ್ಲಿ, ಅಪಾಯ ಎಲ್ಲಿ?

ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆ 2025ರ ಜುಲೈನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಜೂನ್ 4ರಿಂದ ಜುಲೈ 14ರ ನಡುವೆ ಇಂಗ್ಲೆಂಡಿನಲ್ಲಿ 38 ಮಂದಿಗೆ ಬೊಟುಲಿಸಂ, ಅಂದರೆ ಬೊಟುಲಿನಮ್ ವಿಷ ಹರಡಿ ಸ್ನಾಯುಗಳು ಸೋಲುವ ಕಾಯಿಲೆ, ಕಾಣಿಸಿಕೊಂಡಿತ್ತು; ಎಲ್ಲವೂ ಸೌಂದರ್ಯಕ್ಕಾಗಿ ತೆಗೆದುಕೊಂಡ ಚುಚ್ಚುಮದ್ದಿನ ಬೆನ್ನಿಗೇ ಬಂದವು. ಅದಕ್ಕೂ ಒಂದು ವರ್ಷ ಹಿಂದೆ, 2024ರ ಏಪ್ರಿಲ್‌ನಲ್ಲಿ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 11 ರಾಜ್ಯಗಳ 22 ಮಂದಿಯಲ್ಲಿ ಇಂಥದೇ ತೊಂದರೆ ಕಂಡಿದೆ ಎಂದಿತ್ತು. ಮುಖದ ಗೆರೆ ಅಳಿಸಲು ಚುಚ್ಚುವ ಬೊಟಾಕ್ಸ್‌ನ ನಕಲಿ ಸೀಸೆಗಳು ಓಡಾಡುತ್ತಿವೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಹೇಳಿತ್ತು.

ಇದರ ಜೊತೆಜೊತೆಗೇ ಮತ್ತೊಂದು ಮಾತೂ ಕಿವಿಗೆ ಬೀಳುತ್ತಿದೆ. ಬೊಟಾಕ್ಸ್ ಒಂದೇ ಸಾಲದು, ಗುಳಿ ತುಂಬುವ ಜೆಲ್ ಅಂದರೆ ಫಿಲ್ಲರ್ ಸೇರಿಸಿ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಹೆಚ್ಚಿಸುವ ಮದ್ದೂ ಇರಲಿ, ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ ಎನ್ನುವ ಪ್ರಚಾರ ಅದು. ವೈದ್ಯಕೀಯ ನಿಯತಕಾಲಿಕಗಳೂ ಜೋಡಿ ಚಿಕಿತ್ಸೆಯ ಪರವಾಗಿ ಬರೆದಿವೆ. ಹೀಗಾಗಿ ಓದುಗರಿಗೆ ಸಹಜವಾಗಿ ಗೊಂದಲ: ಹಲವು ಮದ್ದು ಸೇರಿಸಿದ್ದೇ ಅಪಾಯಕ್ಕೆ ಕಾರಣವೇ? ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಾಗಿಬಿಟ್ಟಿವೆ. ಒಂದು, ಸೀಸೆಯೊಳಗಿರುವುದು ಏನು ಎಂಬುದು. ಇನ್ನೊಂದು, ಯಾವ ಮದ್ದನ್ನು ಯಾವುದರ ಮೊದಲು, ಎಷ್ಟು ದಿನ ಬಿಟ್ಟು ಕೊಡಬೇಕು ಎಂಬುದು. ಸುದ್ದಿಯಾದದ್ದು ಮೊದಲನೆಯದು. ಅಸಲಿ ಮದ್ದು, ನುರಿತ ಕೈ ಎರಡೂ ಇದ್ದಾಗಲೂ ಮುಖದ ಮೇಲೆ ಎಡವಟ್ಟಾಗುವುದು ಎರಡನೆಯದರಿಂದ.

ಬೊಟುಲಿಸಂ ಬಂದದ್ದು ಜೋಡಣೆಯಿಂದಲ್ಲ

ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ನರದ ತುದಿಯೊಳಗೆ ಹೊಕ್ಕು ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಆ ಪ್ರೋಟೀನ್ ಇಲ್ಲದೆ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೊಲಿನ್ ಹೊರಬರುವುದಿಲ್ಲ, ಅದು ಬರದೆ ಸ್ನಾಯು ಕುಗ್ಗುವುದಿಲ್ಲ. ಪ್ರಮಾಣ ಸಣ್ಣದಿದ್ದರೆ ಪರಿಣಾಮ ಚುಚ್ಚಿದ ಸ್ನಾಯುವಿಗಷ್ಟೇ ಸೀಮಿತ. ಬೊಟಾಕ್ಸ್‌ನ ಎಫ್‌ಡಿಎ ಒಪ್ಪಿಗೆಯ ಪ್ರಮಾಣ ನೋಡಿ: ಹುಬ್ಬುಗಳ ನಡುವೆ ಐದು ಕಡೆ ತಲಾ 4ರಂತೆ 20 ಯುನಿಟ್, ಹಣೆಗೆ 20, ಎರಡೂ ಕಣ್ಣಂಚಿಗೆ ಸೇರಿ 24, ಮೂರೂ ಜಾಗಕ್ಕೆ ಒಟ್ಟು 64 ಯುನಿಟ್.

ಪರವಾನಗಿ ಇಲ್ಲದ ಸೀಸೆಯಲ್ಲಿ ಈ ಲೆಕ್ಕವೇ ಇರುವುದಿಲ್ಲ. ಲೇಬಲ್ ಮೇಲೆ 100 ಯುನಿಟ್ ಎಂದಿದ್ದರೂ ಒಳಗೆ ಅದರ ಹಲವು ಪಟ್ಟು ಇರಬಹುದು, ಏನೂ ಇಲ್ಲದಿರಲೂಬಹುದು. ಹೆಚ್ಚಾದ ಟಾಕ್ಸಿನ್ ಚುಚ್ಚಿದ ಜಾಗ ಬಿಟ್ಟು ಹರಡಿದಾಗ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಲಕ್ಷಣಗಳು ಕೆಲವು ದಿನಗಳ ನಂತರ, ಕೆಲವೊಮ್ಮೆ ನಾಲ್ಕು ವಾರಗಳವರೆಗೂ ತಡವಾಗಿ ಬರಬಹುದು. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ರಕ್ತದಲ್ಲಿ ಸುತ್ತುತ್ತಿರುವ ಟಾಕ್ಸಿನ್ನನ್ನು ಮಾತ್ರ ಹಿಡಿಯುತ್ತದೆ, ನರದೊಳಗೆ ಆಗಲೇ ಹೊಕ್ಕಿದ್ದನ್ನು ತೆಗೆಯಲಾರದು. ಅದಕ್ಕೇ ನುಂಗಲು ಕಷ್ಟ ಎನಿಸಿದ ದಿನವೇ ಆಸ್ಪತ್ರೆ ಸೇರಬೇಕು, ನಾಳೆ ನೋಡೋಣ ಎನ್ನುವಂತಿಲ್ಲ.

ಇಂಗ್ಲೆಂಡಿನ ಪ್ರಕರಣಗಳಲ್ಲಿ ತನಿಖೆ ಬೊಟ್ಟು ಮಾಡಿದ್ದು ಪರವಾನಗಿ ಇಲ್ಲದ ಇಂಥ ಉತ್ಪನ್ನಗಳ ಕಡೆಗೇ. ಜೊತೆಗೆ ಫಿಲ್ಲರ್ ಹಾಕಿಸಿಕೊಂಡರೋ ಇಲ್ಲವೋ ಎಂಬುದು ಇಲ್ಲಿ ಕಾರಣವಲ್ಲ.

ಒಂದೇ ಮದ್ದು ಏಕೆ ಸಾಲುವುದಿಲ್ಲ

ಮುಖಕ್ಕೆ ವಯಸ್ಸಾಗುವುದು ಒಂದೇ ಪದರದಲ್ಲಲ್ಲ. ಮೂಳೆ ಸವೆದು ಕಣ್ಣಿನ ಗುಳಿ ಹಿಗ್ಗುತ್ತದೆ, ದವಡೆಯ ಅಂಚು ಹಿಂದೆ ಸರಿಯುತ್ತದೆ. ಆಳದ ಕೊಬ್ಬಿನ ಗುಡ್ಡೆಗಳು ಬತ್ತುತ್ತವೆ. ಅದೇ ಅದೇ ಸ್ನಾಯು ಸಾವಿರಾರು ಸಲ ಕುಗ್ಗಿ ಮೇಲಿನ ಚರ್ಮದಲ್ಲಿ ಮಡಿಕೆ ಮೂಡಿಸುತ್ತದೆ. ಚರ್ಮದಲ್ಲೇ ಕೊಲಾಜೆನ್ ಕಡಿಮೆಯಾಗುತ್ತದೆ.

ಟಾಕ್ಸಿನ್ ಇವುಗಳಲ್ಲಿ ಸ್ನಾಯುವನ್ನು ಮಾತ್ರ ಮುಟ್ಟುತ್ತದೆ. ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣುವ ಗೆರೆಗೆ ಅದು ಸಾಕು. ಮುಖ ಸಡಿಲವಾಗಿದ್ದಾಗಲೂ ಉಳಿದಿರುವ ಗೆರೆ ಆಗಲೇ ಚರ್ಮದಲ್ಲಿ ಕೊರೆದಿದೆ. ಸ್ನಾಯು ನಿಂತರೂ ಆ ಕೊರೆ ತಕ್ಷಣ ಮಾಯವಾಗದು. ಬತ್ತಿದ ಕೆನ್ನೆಯನ್ನು ಟಾಕ್ಸಿನ್ ತುಂಬಲಾರದು. ಹಾಗೆಯೇ, ಸ್ನಾಯು ಎಳೆಯುತ್ತಿರುವ ಜಾಗಕ್ಕೆ ಫಿಲ್ಲರ್ ಒಂದನ್ನೇ ಸುರಿದರೆ ಪ್ರತಿ ಸಲ ಕುಗ್ಗಿದಾಗಲೂ ಜೆಲ್ ಹಿಂಡಿಸಿಕೊಂಡು ಪಕ್ಕಕ್ಕೆ ಸರಿಯುತ್ತದೆ, ಬೇಗ ಕರಗುತ್ತದೆ. ಜೋಡಣೆಯ ವಾದ ಹುಟ್ಟಿದ್ದು ಇಲ್ಲಿಂದ, ಮತ್ತು ಅದು ಗಟ್ಟಿಯಾದ ವಾದ. 2016ರಲ್ಲಿ ಹಲವು ದೇಶಗಳ ತಜ್ಞರ ಗುಂಪೊಂದು ಹಯಲುರಾನಿಕ್ ಆಸಿಡ್ ಎಂಬ ಜೆಲ್‌ನ ಫಿಲ್ಲರ್ ಮತ್ತು ಟಾಕ್ಸಿನ್ ಜೋಡಿ ಬಳಕೆಗೆ ಒಮ್ಮತದ ಶಿಫಾರಸುಗಳನ್ನೇ ಪ್ರಕಟಿಸಿತು.

ಇಲ್ಲಿ ಜೋಡಿಸುವುದು ಎಂದರೆ ಎರಡನ್ನೂ ಒಂದೇ ಸಿರಿಂಜಿಗೆ ಎಳೆದು ಕಲಸುವುದಲ್ಲ. ಟಾಕ್ಸಿನ್ ಸೇರಬೇಕಾದದ್ದು ಸ್ನಾಯುವಿಗೆ, ಫಿಲ್ಲರ್ ಇರಬೇಕಾದದ್ದು ಮೂಳೆಯ ಮೇಲೋ, ಕೊಬ್ಬಿನ ಪದರದಲ್ಲೋ, ಚರ್ಮದಲ್ಲೋ. ದಪ್ಪ ಜೆಲ್‌ನಲ್ಲಿ ಕಲಸಿದ ಟಾಕ್ಸಿನ್ ಎಷ್ಟು ಯುನಿಟ್ ಎಲ್ಲಿಗೆ ಹೋಯಿತು ಎಂದು ಯಾರೂ ಲೆಕ್ಕ ಹಾಕಲಾರರು.

ಪ್ರತಿ ಮದ್ದಿಗೂ ತನ್ನದೇ ಗಡಿಯಾರ

ಟಾಕ್ಸಿನ್ ಎರಡು-ಮೂರು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಹಿಡಿಯುತ್ತದೆ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದನ್ನು ಕರಗಿಸುವ ಮದ್ದಿಲ್ಲ, ಆದರೆ ತಪ್ಪಾದರೂ ಕಾಲವೇ ಸರಿಪಡಿಸುತ್ತದೆ.

ಹಯಲುರಾನಿಕ್ ಆಸಿಡ್ ಫಿಲ್ಲರ್ ಹಾಕಿದ ಕ್ಷಣವೇ ಕಾಣುತ್ತದೆ. ನೀರು ಹೀರುವ ಗುಣ ಇರುವುದರಿಂದ ಮೊದಲ ಒಂದೆರಡು ವಾರ ನಿಜವಾದ ಗಾತ್ರಕ್ಕಿಂತ ಹೆಚ್ಚೇ ಕಾಣುತ್ತದೆ. ಜಾಗ ಮತ್ತು ಜೆಲ್ಲಿನ ಗಡಸುತನ ನೋಡಿಕೊಂಡು 6ರಿಂದ 18 ತಿಂಗಳು ಎಂದು ಹೇಳುವ ರೂಢಿ. ಆದರೆ ಎಂಆರ್‌ಐ ತೆಗೆದು ನೋಡಿದಾಗ ವರ್ಷಗಳ ನಂತರವೂ ಜೆಲ್ ಉಳಿದಿರುವುದು ಕಂಡಿದೆ. ಕರಗಿತು ಅಂದುಕೊಂಡು ವರ್ಷ ವರ್ಷವೂ ಮೇಲೆ ಮೇಲೆ ತುಂಬಿದ ಮುಖ ಊದಿಕೊಂಡಂತೆ ಕಾಣಲು ಇದೂ ಒಂದು ಕಾರಣ. ಇದರ ದೊಡ್ಡ ಅನುಕೂಲ ಹಯಲುರೊನಿಡೇಸ್: ಈ ಕಿಣ್ವ ಚುಚ್ಚಿದರೆ ಜೆಲ್ ಕರಗುತ್ತದೆ.

ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಅಂದರೆ ರೇಡಿಯೆಸ್ ಬಗೆಯದು, 25ರಿಂದ 45 ಮೈಕ್ರಾನ್ ಗಾತ್ರದ ಗುಂಡುಗಳು ಜೆಲ್ಲಿನಲ್ಲಿ ತೇಲುವ ಮದ್ದು. ಜೆಲ್ ಕೆಲವು ತಿಂಗಳಲ್ಲಿ ಹೋಗುತ್ತದೆ, ಗುಂಡುಗಳ ಸುತ್ತ ಕೊಲಾಜೆನ್ ಬೆಳೆಯುತ್ತದೆ. ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್, ಅಂದರೆ ಸ್ಕಲ್ಪ್ಟ್ರಾ, ಇನ್ನೂ ನಿಧಾನ. ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುತ್ತಾರೆ. ಮೊದಲ ದಿನ ಕಾಣುವ ತುಂಬಿದ ಕೆನ್ನೆ ಬರೀ ಆ ನೀರಿನದು, ಕೆಲವೇ ದಿನಗಳಲ್ಲಿ ಮಾಯ. ನಿಜವಾದ ಪರಿಣಾಮ ವಾರಗಳು, ತಿಂಗಳುಗಳ ನಂತರ ಬರುತ್ತದೆ ಮತ್ತು ಎರಡು ವರ್ಷದವರೆಗೂ ಉಳಿಯಬಹುದು. ಇವೆರಡನ್ನೂ ಹಯಲುರೊನಿಡೇಸ್ ಕರಗಿಸುವುದಿಲ್ಲ.

ಜೋಡಣೆಯ ತೀರ್ಮಾನವೆಲ್ಲ ನಿಲ್ಲಬೇಕಾದದ್ದು ಈ ವ್ಯತ್ಯಾಸದ ಮೇಲೆ. ತಾನಾಗಿ ಇಳಿಯುವುದು ಅಥವಾ ಕರಗಿಸಬಹುದಾದದ್ದು ಮೊದಲು, ಹಿಂದಕ್ಕೆ ಪಡೆಯಲಾಗದ್ದು ಮುಖದ ಸ್ವಭಾವ ಗೊತ್ತಾದ ಮೇಲೆ. ಹೊಸದಾಗಿ ಶುರು ಮಾಡುವವರಿಗೆ ಮೊದಲ ಭೇಟಿಯಲ್ಲೇ ಮೂರೂ ಬಗೆ ಹಾಕುವ ಪ್ಯಾಕೇಜ್ ಈ ಲೆಕ್ಕದಲ್ಲಿ ತಪ್ಪು.

ಒಂದೇ ದಿನವೋ, ಎರಡು ವಾರ ಬಿಟ್ಟೋ?

ತಜ್ಞರಲ್ಲೇ ಇಲ್ಲಿ ಎರಡು ಪಂಥ. ಒಂದೇ ದಿನ ಮಾಡಬಹುದು ಎನ್ನುವವರು ಹೇಳುವುದಿಷ್ಟು: ಎರಡೂ ಬೇರೆ ಪದರಗಳಲ್ಲಿ ಇರುತ್ತವೆ, ಒಂದರ ರಾಸಾಯನಿಕ ಗುಣ ಇನ್ನೊಂದನ್ನು ಕೆಡಿಸುವುದಿಲ್ಲ, ರೋಗಿಗೆ ಊತ-ಬಾವು ಒಂದೇ ಸಲ ಮುಗಿಯುತ್ತದೆ. ಹೀಗೆ ಮಾಡುವವರು ಸಾಮಾನ್ಯವಾಗಿ ಫಿಲ್ಲರ್ ಮೊದಲು ಹಾಕಿ, ತಿದ್ದಿ, ಒತ್ತಿ ಮುಗಿಸಿದ ಮೇಲೆ ಟಾಕ್ಸಿನ್ ಕೊಡುತ್ತಾರೆ. ಕಾರಣ ಸರಳ. ಟಾಕ್ಸಿನ್ ಮೊದಲು ಹಾಕಿ ಅದೇ ಜಾಗವನ್ನು ಬೆರಳಿನಿಂದ ಉಜ್ಜಿದರೆ ಅದು ಬೇಡದ ಸ್ನಾಯುವಿಗೆ ಹರಡಬಹುದು.

ಎರಡು ವಾರ ಬಿಡಿ ಎನ್ನುವವರ ವಾದ ಬೇರೆ. ಟಾಕ್ಸಿನ್ ಪೂರ್ತಿ ಹಿಡಿದ ಮೇಲೆ ಮುಖವೇ ಬದಲಾಗಿರುತ್ತದೆ. ಹುಬ್ಬು ಸ್ವಲ್ಪ ಮೇಲೋ ಕೆಳಗೋ ಸರಿದಿರುತ್ತದೆ, ಅರ್ಧ ಗೆರೆಗಳು ಹೋಗಿರುತ್ತವೆ. ಆಗ ನೋಡಿದರೆ 1 ಮಿ.ಲೀ. ಬೇಕೆಂದುಕೊಂಡ ಕಡೆ ಅರ್ಧ ಸಾಕಾಗಬಹುದು, ಏನೂ ಬೇಡವಾಗಲೂಬಹುದು. ಒಂದೇ ದಿನ ಹಾಕುವವರು ಆ ಅರ್ಧವನ್ನು ಊಹೆಯ ಮೇಲೆ ಹಾಕಬೇಕಾಗುತ್ತದೆ.

ಎರಡನೆಯ ವಾದಕ್ಕೆ ತೂಕ ಹೆಚ್ಚು, ಕನಿಷ್ಠ ಮೊದಲ ಸಲದವರಿಗೆ. ಇನ್ನೊಂದು ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಒಂದೇ ದಿನ ಮುಖದ ತುಂಬ ಇಪ್ಪತ್ತು-ಮೂವತ್ತು ಕಡೆ ಚುಚ್ಚಿದಾಗ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಗಟ್ಟುತ್ತದೆ. ಫಿಲ್ಲರ್ ರಕ್ತನಾಳ ಮುಚ್ಚಿದರೆ ಮೊದಲು ಕಾಣುವ ಗುರುತೂ ಚರ್ಮದ ಬಣ್ಣದ ಬದಲಾವಣೆಯೇ. ಗಾಯದ ನೀಲಿ ಆ ಗುರುತನ್ನು ಮುಚ್ಚಿಬಿಡಬಹುದು. ಹಿಂದೆ ಎರಡನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡು, ಯಾವ ಪ್ರಮಾಣಕ್ಕೆ ಹೇಗೆ ಒಗ್ಗುತ್ತದೆ ಎಂದು ದಾಖಲೆ ಇರುವವರಿಗೆ ಒಂದೇ ದಿನದ ಚಿಕಿತ್ಸೆ ಒಪ್ಪುವಂಥದ್ದೇ.

ಹುಬ್ಬುಗಳ ನಡುವಿನ ಎರಡು ಸೆಂಟಿಮೀಟರ್

ಜೋಡಣೆಯ ಲಾಭ ಮತ್ತು ಅಪಾಯ ಎರಡೂ ಒಂದೇ ಜಾಗದಲ್ಲಿ ಕಾಣುವುದು ಇಲ್ಲಿ. ಕೆನಡಾದ ವೈದ್ಯ ದಂಪತಿ ಜೀನ್ ಮತ್ತು ಅಲಸ್ಟೇರ್ ಕ್ಯಾರಥರ್ಸ್ 2003ರಲ್ಲಿ ಹುಬ್ಬುಗಳ ನಡುವೆ ಆಳವಾದ ಗೆರೆಗಳಿದ್ದ 38 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಫಿಲ್ಲರ್ ಮಾತ್ರ ಪಡೆದವರಲ್ಲಿ ಗೆರೆ ಮರುಕಳಿಸಲು ಸುಮಾರು 18 ವಾರ ಹಿಡಿದರೆ, ಟಾಕ್ಸಿನ್ ಜೊತೆ ಪಡೆದವರಲ್ಲಿ ಸುಮಾರು 32 ವಾರ. ಜೋಡಿ ಚಿಕಿತ್ಸೆಯ ಪರವಾಗಿ ಇಂದಿಗೂ ಉಲ್ಲೇಖವಾಗುವ ಸಾಕ್ಷ್ಯ ಇದು.

ಆದರೆ 2015ರಲ್ಲಿ ಜಗತ್ತಿನ ವೈದ್ಯಕೀಯ ಸಾಹಿತ್ಯವನ್ನೆಲ್ಲ ಜಾಲಾಡಿ, ಫಿಲ್ಲರ್‌ನಿಂದ ದೃಷ್ಟಿಗೆ ಧಕ್ಕೆಯಾದ 98 ಪ್ರಕರಣಗಳನ್ನು ಒಟ್ಟುಹಾಕಿದಾಗ ಅತಿ ಹೆಚ್ಚು ಕಂಡದ್ದು ಇದೇ ಜಾಗ: ಶೇ 38.8. ಎರಡನೆಯದು ಮೂಗು, ಶೇ 25.5. ಈ ಭಾಗದ ಸಣ್ಣ ಅಪಧಮನಿಗಳು ಕಣ್ಣಿನ ಮುಖ್ಯ ಅಪಧಮನಿಯ ಕವಲುಗಳು. ಸೂಜಿ ಅಪಧಮನಿಯೊಳಗಿದ್ದಾಗ ಜೋರಾಗಿ ಒತ್ತಿದರೆ ಜೆಲ್ ರಕ್ತದ ಹರಿವಿಗೆ ವಿರುದ್ಧವಾಗಿ ಹಿಂದಕ್ಕೆ ಹೋಗುತ್ತದೆ. ಒತ್ತಡ ಬಿಟ್ಟಾಗ ರಕ್ತ ಅದನ್ನು ಅಕ್ಷಿಪಟಲದ ಕಡೆಗೆ ತಳ್ಳುತ್ತದೆ. ರಕ್ತ ಸಿಗದ ಅಕ್ಷಿಪಟಲ ಒಂದು-ಒಂದೂವರೆ ಗಂಟೆಗಿಂತ ಹೆಚ್ಚು ತಡೆಯಲಾರದು.

ಹಾಗಾಗಿ ಇಲ್ಲಿ ಜೋಡಣೆಯ ಕ್ರಮವೇ ರಕ್ಷಣೆ. ಮೊದಲು ಟಾಕ್ಸಿನ್ ಒಂದೇ. ಎರಡು ವಾರ ಕಳೆದ ಮೇಲೂ ಕೊರೆ ಉಳಿದಿದ್ದರೆ ಇನ್ನೊಂದು ಸುತ್ತು ಟಾಕ್ಸಿನ್‌ವರೆಗೆ ಕಾಯಬಹುದು; ಸ್ನಾಯು ತಿಂಗಳುಗಟ್ಟಲೆ ಸುಮ್ಮನಿದ್ದರೆ ಚರ್ಮದ ಕೊರೆ ತಾನೇ ಸ್ವಲ್ಪ ತುಂಬಿಕೊಳ್ಳುತ್ತದೆ. ಆಮೇಲೂ ಫಿಲ್ಲರ್ ಬೇಕೆನಿಸಿದರೆ ಕರಗಿಸಬಹುದಾದ ಮೃದು ಜೆಲ್ ಮಾತ್ರ, ಅದೂ ಹನಿಹನಿಯಾಗಿ, ನಿಧಾನವಾಗಿ, ಚರ್ಮದ ಮೇಲ್ಪದರದಲ್ಲಿ. ಕ್ಯಾಲ್ಸಿಯಂ ಗುಂಡುಗಳನ್ನು ಈ ಜಾಗಕ್ಕೆ ಹಾಕಲೇಬಾರದು.

ಮುಖದ ಕೆಳಭಾಗ: ಕಾಯದೆ ತುಂಬಿದರೆ ಆಗುವುದು

ದವಡೆಯ ಮೂಲೆಯಲ್ಲಿ ಹಲ್ಲು ಕಚ್ಚುವ ಮ್ಯಾಸೆಟರ್ ಸ್ನಾಯು ದಪ್ಪವಿದ್ದವರಿಗೆ ಒಂದೊಂದು ಬದಿಗೆ 20-30 ಯುನಿಟ್ ಟಾಕ್ಸಿನ್ ಕೊಡುವ ರೂಢಿಯಿದೆ. ಸ್ನಾಯುವಿನ ಬಲ ಎರಡು ವಾರಕ್ಕೆ ಇಳಿದರೂ ಅದು ಸಣ್ಣಗಾಗಲು ಒಂದೂವರೆ-ಎರಡು ತಿಂಗಳಾದರೂ ಬೇಕು. ಅಗಲ ಕಡಿಮೆಯಾದಂತೆ ಮೇಲಿನ ಚರ್ಮಕ್ಕೆ ಆಧಾರ ತಪ್ಪಿ, ಕೆಲವರಲ್ಲಿ ದವಡೆಯಂಚಿನ ಜೋಲು ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತದೆ. ಟಾಕ್ಸಿನ್ ಕೊಟ್ಟ ದಿನವೇ ದವಡೆಗೆ ಫಿಲ್ಲರ್ ಹಾಕಿದರೆ, ಎರಡು ತಿಂಗಳ ನಂತರ ಇರುವ ಮುಖಕ್ಕೆ ಅಲ್ಲ, ಆ ದಿನದ ಮುಖಕ್ಕೆ ಹಾಕಿದಂತೆ. ಇಲ್ಲಿ ಎರಡು ವಾರ ಸಾಲದು. ಎರಡು-ಮೂರು ತಿಂಗಳು ಕಾಯಬೇಕು.

ಬಾಯಿಯ ಮೂಲೆ ಕೆಳಗೆ ಜಗ್ಗುವ ಸ್ನಾಯುವಿನ ವಿಷಯ ಇದಕ್ಕೆ ತದ್ವಿರುದ್ಧ. ಬದಿಗೆ 2ರಿಂದ 4 ಯುನಿಟ್ ಸಾಕು, ಎರಡು ವಾರದಲ್ಲಿ ಮೂಲೆ ತುಸು ಏರುತ್ತದೆ, ಉಳಿದ ಗುಳಿಗೆ ಮಾತ್ರ ಫಿಲ್ಲರ್. ಚುಚ್ಚುವ ಜಾಗ ಅರ್ಧ ಸೆಂಟಿಮೀಟರ್ ಒಳಗೆ ಸರಿದರೆ ಕೆಳದುಟಿ ಇಳಿಸುವ ಪಕ್ಕದ ಸ್ನಾಯುವೂ ಸೋತು ನಗು ವಕ್ರವಾಗುತ್ತದೆ. ಆ ದಿನವೇ ಫಿಲ್ಲರ್ ಕೂಡ ಹಾಕಿದ್ದರೆ, ವಕ್ರತೆಗೆ ಕಾರಣ ಜೆಲ್ಲೋ ಟಾಕ್ಸಿನ್ನೋ ಎಂದು ತಿಳಿಯದೆ ಚೆನ್ನಾಗಿದ್ದ ಫಿಲ್ಲರನ್ನೇ ಕರಗಿಸುವ ಸಂದರ್ಭ ಬರುತ್ತದೆ.

ಹಣೆಗೆ ಸಂಬಂಧಿಸಿದ ಒಂದು ಮಾತು ಇಲ್ಲೇ ಸೇರಿಸಬೇಕು. ಹುಬ್ಬು ಎತ್ತುವ ಸ್ನಾಯು ಇರುವುದು ಹಣೆಯಲ್ಲೊಂದೇ. ರೆಪ್ಪೆ ಸ್ವಲ್ಪ ಜೋತಿರುವ ಹಿರಿಯರು ಗೊತ್ತಿಲ್ಲದೆಯೇ ಅದನ್ನು ಬಳಸಿ ಕಣ್ಣು ತೆರೆದಿರುತ್ತಾರೆ. ಅಂಥವರ ಹಣೆಗೆ ಪೂರ್ತಿ ಪ್ರಮಾಣ ಕೊಟ್ಟರೆ ಕಣ್ಣು ಭಾರವಾಗುತ್ತದೆ, ಅದನ್ನು ಮರೆಮಾಚಲು ಫಿಲ್ಲರ್ ಹಾಕುವುದು ತಪ್ಪಿನ ಮೇಲೆ ತಪ್ಪು.

ಕೊಲಾಜೆನ್ ಮದ್ದು ಸೇರಿದಾಗ

ಸ್ಕಲ್ಪ್ಟ್ರಾ ಹಾಕಿಸಿಕೊಂಡವರಿಗೆ ಮನೆಯಲ್ಲಿ ಮಾಡಲು ಹೇಳುವುದು: ದಿನಕ್ಕೆ 5 ಸಲ, ಸಲಕ್ಕೆ 5 ನಿಮಿಷ, 5 ದಿನ ಮಸಾಜ್. ಕಣಗಳು ಒಂದೆಡೆ ಗುಡ್ಡೆಗಟ್ಟಿ ಗಂಟಾಗದಿರಲಿ ಎಂದು. ಟಾಕ್ಸಿನ್ ಹಾಕಿಸಿಕೊಂಡವರಿಗೆ ಹೇಳುವುದು ಇದರ ವಿರುದ್ಧ: ಆ ದಿನ ಮುಖ ಉಜ್ಜಬೇಡಿ, ನಾಲ್ಕು ಗಂಟೆ ಮಲಗಬೇಡಿ. ಎರಡನ್ನೂ ಒಂದೇ ಜಾಗಕ್ಕೆ ಒಂದೇ ದಿನ ಮಾಡಿದರೆ ರೋಗಿ ಯಾವ ಸೂಚನೆ ಪಾಲಿಸಬೇಕು? ಒಂದೇ ಭೇಟಿಯ ಪ್ಯಾಕೇಜುಗಳು ಈ ಪ್ರಶ್ನೆಗೆ ಉತ್ತರ ಕೊಡದೇ ಸಾಗುತ್ತವೆ.

ಪ್ರಮಾಣದ ತೊಡಕೂ ಇದೆ. ಕೆನ್ನೆಗೆ ಮೊದಲೇ ಜೆಲ್ ತುಂಬಿ ನಂತರ ಕೊಲಾಜೆನ್ ಬೆಳೆಸಿದರೆ ಎರಡೂ ಕೂಡಿ ಮುಖ ಭಾರವಾಗುತ್ತದೆ. ಕೊಲಾಜೆನ್ ಮದ್ದನ್ನು ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು-ಮೂರು ಸಲ ಕೊಟ್ಟು, ಬೆಳವಣಿಗೆ ನಿಂತ ಮೇಲೆ ಕೊರತೆ ಉಳಿದ ಕಡೆ ಮಾತ್ರ ಜೆಲ್ ಹಾಕುವುದು ಸರಿಯಾದ ಸರದಿ. ಗಂಟು ಬಂದಾಗಂತೂ ಈ ಅಂತರ ಇನ್ನೂ ಮುಖ್ಯ. ಒಂದೇ ಜಾಗದಲ್ಲಿ ಎರಡು ಮದ್ದಿದ್ದರೆ ಕಿಣ್ವ ಜೆಲ್ಲನ್ನು ಮಾತ್ರ ಕರಗಿಸುತ್ತದೆ. ಗಂಟು ಇನ್ನೊಂದರದ್ದಾಗಿದ್ದರೆ ಅದು ಹಾಗೇ ಉಳಿದು, ಸುತ್ತಲಿನ ಜಾಗ ತಗ್ಗಾಗಿ, ಮತ್ತಷ್ಟು ಎದ್ದು ಕಾಣುತ್ತದೆ. ಅಲ್ಟ್ರಾಸೌಂಡ್ ಇಟ್ಟು ನೋಡಿದರೆ ಯಾವುದು ಎಲ್ಲಿದೆ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಸ್ಕಿನ್ ಬೂಸ್ಟರ್, ಪಾಲಿನ್ಯೂಕ್ಲಿಯೋಟೈಡ್, ಪಿಆರ್‌ಪಿ (ಸ್ವಂತ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಇವೆಲ್ಲ ಚರ್ಮದ ಮೇಲ್ಪದರದ ಗುಣಕ್ಕೆ ಹಾಕುವವು. ಜೋಲು, ಗುಳಿ, ಸ್ನಾಯುವಿನ ಗೆರೆಗಳಿಗೆ ಇವು ಪರಿಹಾರವಲ್ಲ. ಪಟ್ಟಿ ಉದ್ದವಾಗಲೆಂದು ಮೊದಲ ದಿನವೇ ಸೇರಿಸುವ ಅಗತ್ಯವಿಲ್ಲ.

ನಾಳ ಮುಚ್ಚಿದಾಗ

ಫಿಲ್ಲರ್ ಹಾಕುತ್ತಿರುವಾಗ ಚರ್ಮ ಸುಣ್ಣದಂತೆ ಬಿಳಿಚಿಕೊಂಡರೆ ಅಥವಾ ಕೆಲವು ಗಂಟೆಗಳಲ್ಲಿ ಬಲೆಯಂಥ ನೇರಳೆ ಗೆರೆಗಳು ಮೂಡಿದರೆ ಕೆಲಸ ತಕ್ಷಣ ನಿಲ್ಲಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಎರಡು ಸೆಕೆಂಡಿನೊಳಗೆ ಮರಳದಿದ್ದರೆ ಅನುಮಾನ ಪಡಲೇಬೇಕು. ನೋವು ಸಾಮಾನ್ಯವಾಗಿ ಜೋರಾಗಿರುತ್ತದೆ, ಆದರೆ ಬಹುತೇಕ ಫಿಲ್ಲರ್‌ಗಳಲ್ಲಿ ಲಿಡೋಕೇನ್ ಎಂಬ ಮರಗಟ್ಟಿಸುವ ಮದ್ದು ಬೆರೆತಿರುವುದರಿಂದ ಅದು ಮರೆಯಾಗಿರಲೂಬಹುದು. ಜೆಲ್ ಹಯಲುರಾನಿಕ್ ಆಸಿಡ್ ಆಗಿದ್ದರೆ ಆ ಜಾಗಕ್ಕೆಲ್ಲ ನೂರಾರು ಯುನಿಟ್ ಹಯಲುರೊನಿಡೇಸ್ ಚುಚ್ಚಿ, ಮಸಾಜ್ ಮಾಡಿ, ಬಿಸಿ ಶಾಖ ಕೊಟ್ಟು, ಬಣ್ಣ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ ಕೊಡಬೇಕಾಗುತ್ತದೆ. ದೃಷ್ಟಿ ಮಂಜಾದರೆ ಕ್ಲಿನಿಕ್ಕಿನಲ್ಲಿ ಕಾಯದೆ ಕಣ್ಣಿನ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು. ಹಯಲುರೊನಿಡೇಸ್ ಸೀಸೆ ಕೈಗೆಟಕುವಂತೆ ಇಲ್ಲದ ಕೊಠಡಿಯಲ್ಲಿ ಫಿಲ್ಲರ್ ಹಾಕಿಸಿಕೊಳ್ಳಲೇಬಾರದು.

ನಿಯಮ ಬದಲಾದರೆ ಏನಾಗಬಹುದು

ಇಂಗ್ಲೆಂಡ್ 2021ರ ಅಕ್ಟೋಬರ್‌ನಿಂದ 18 ತುಂಬದವರಿಗೆ ಸೌಂದರ್ಯಕ್ಕಾಗಿ ಬೊಟಾಕ್ಸ್, ಫಿಲ್ಲರ್ ಕೊಡುವುದನ್ನು ನಿಷೇಧಿಸಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ, ಅತಿ ಅಪಾಯದ ವಿಧಾನಗಳನ್ನು ಅರ್ಹ ಆರೋಗ್ಯ ವೃತ್ತಿಪರರಿಗಷ್ಟೇ ಸೀಮಿತಗೊಳಿಸಿ, ಬೊಟಾಕ್ಸ್ ಮತ್ತು ಫಿಲ್ಲರ್ ಕೊಡುವವರಿಗೆ ಸ್ಥಳೀಯ ಆಡಳಿತದ ಪರವಾನಗಿ ಕಡ್ಡಾಯ ಮಾಡುವ ಯೋಜನೆ ಪ್ರಕಟಿಸಿತು. ವೈದ್ಯರಲ್ಲದವರ ಕೈಯಲ್ಲಿ ಸೂಜಿ ಇರಲೇಬಾರದು ಎನ್ನುವವರಿಗೆ ಇದು ಸಾಲದು. ಪೂರ್ತಿ ನಿಷೇಧಿಸಿದರೆ ಜನ ಕದ್ದುಮುಚ್ಚಿ ಮಾಡುವವರ ಬಳಿ ಹೋಗುತ್ತಾರೆ ಎನ್ನುವವರಿಗೆ ಇದು ನಡುದಾರಿ.

ಯಾವ ದಾರಿ ಹಿಡಿದರೂ ನಕಲಿ ಸೀಸೆಯ ಸಮಸ್ಯೆಗೆ ಕಡಿವಾಣ ಬೀಳಬಹುದು. ಸರದಿಯ ಸಮಸ್ಯೆಗೆ ಬೀಳುವುದು ಅನುಮಾನ. ಪರವಾನಗಿ ಒಂದೊಂದು ವಿಧಾನವನ್ನು ಪ್ರತ್ಯೇಕವಾಗಿ ನೋಡುತ್ತದೆ, ತೊಂದರೆ ಹುಟ್ಟುವುದು ಎರಡರ ನಡುವಿನ ಅಂತರದಲ್ಲಿ. ಟಾಕ್ಸಿನ್ ಒಬ್ಬರ ಬಳಿ, ಫಿಲ್ಲರ್ ಇನ್ನೊಬ್ಬರ ಬಳಿ ಹಾಕಿಸಿಕೊಳ್ಳುವುದು ಹೆಚ್ಚಾದಷ್ಟೂ ಪೂರ್ತಿ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಬೇರೆ ಬ್ರ್ಯಾಂಡಿನ ಯುನಿಟ್‌ಗಳು ಒಂದಕ್ಕೊಂದು ಸಮವಲ್ಲ ಎಂಬುದು ಈ ತೊಡಕನ್ನು ಇನ್ನಷ್ಟು ಹೆಚ್ಚಿಸುತ್ತದೆ: ಹುಬ್ಬುಗಳ ನಡುವೆ ಬೊಟಾಕ್ಸ್ 20 ಯುನಿಟ್ ಇರುವ ಕಡೆ ಡಿಸ್ಪೋರ್ಟ್ 50 ಯುನಿಟ್.

ಒಪ್ಪುವ ಮೊದಲು

ಗರ್ಭಿಣಿಯರು, ಹಾಲೂಡಿಸುವವರು, ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯು ಕಾಯಿಲೆ ಇರುವವರು ಟಾಕ್ಸಿನ್‌ನಿಂದ ದೂರವಿರಬೇಕು. ಮುಖದಲ್ಲಿ ಸೋಂಕು, ಹಲ್ಲಿನ ಕೀವು ಇದ್ದಾಗ ಫಿಲ್ಲರ್ ಮುಂದೂಡಬೇಕು. ಹಲ್ಲಿನ ಚಿಕಿತ್ಸೆಗೂ ಫಿಲ್ಲರ್‌ಗೂ ನಡುವೆ ಎರಡು ವಾರ ಬಿಡುವುದು ರೂಢಿ. ತುಟಿಯ ಸುತ್ತ ಆಗಾಗ ಹರ್ಪಿಸ್ ಗುಳ್ಳೆ ಏಳುವವರು ಮೊದಲೇ ಹೇಳಿದರೆ ವೈರಸ್ ನಿರೋಧಕ ಮಾತ್ರೆ ಕೊಡುತ್ತಾರೆ. ಜೇನುನೊಣ ಕಚ್ಚಿ ತೀವ್ರ ಅಲರ್ಜಿ ಆಗಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಅದರ ವಿಷದಲ್ಲೂ ಹಯಲುರೊನಿಡೇಸ್ ಇದೆ. ಟಾಕ್ಸಿನ್ನನ್ನು 12 ವಾರಕ್ಕಿಂತ ಬೇಗ ಮತ್ತೆ ಹಾಕಿಸಿಕೊಳ್ಳುವುದು ಬೇಡ. ಪದೇ ಪದೇ ಕೊಟ್ಟರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಮದ್ದು ಕೆಲಸ ಮಾಡದಾಗಬಹುದು.

ಸೀಸೆಯನ್ನು ಕಣ್ಣೆದುರೇ ತೆರೆಯಲು ಕೇಳಿ. ಮದ್ದಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಎಷ್ಟು ಯುನಿಟ್ ಅಥವಾ ಎಷ್ಟು ಮಿ.ಲೀ., ಮುಖದ ಯಾವ ಜಾಗಕ್ಕೆ, ಯಾವ ಆಳಕ್ಕೆ ಎಂಬುದನ್ನು ಬರೆದು ಕೊಡಲು ಹೇಳಿ. ಫಿಲ್ಲರ್ ಪೆಟ್ಟಿಗೆಯಲ್ಲಿ ಇದಕ್ಕೆಂದೇ ಅಂಟಿಸುವ ಚೀಟಿ ಇರುತ್ತದೆ. ಮುಖ ಸಡಿಲ ಬಿಟ್ಟು ಒಂದು, ಹುಬ್ಬು ಗಂಟಿಕ್ಕಿ ಒಂದು, ನಕ್ಕು ಒಂದು, ಹೀಗೆ ಒಂದೇ ಬೆಳಕಿನಲ್ಲಿ ಮೂರು ಫೋಟೋ ಮೊದಲ ದಿನ ತೆಗೆಸಿ, ಎರಡು ವಾರದ ಭೇಟಿಯಲ್ಲಿ ಅದೇ ಮೂರನ್ನು ಮತ್ತೆ ತೆಗೆಸಿ ಪಕ್ಕಪಕ್ಕ ಇಡಿ. ಫಿಲ್ಲರ್ ಬೇಕೋ ಬೇಡವೋ, ಬೇಕಿದ್ದರೆ ಎಷ್ಟು ಎಂಬ ತೀರ್ಮಾನವನ್ನು ಆ ದಿನ, ಆ ಫೋಟೋಗಳನ್ನು ನೋಡಿ ಮಾಡಬೇಕು.